ಪಾತ್ರತೆಯೂ ಪರೀಕ್ಷೆಯೂ

ಯಾವ ಶಾಸ್ತ್ರವನ್ನಾದರೂ ಬೋಧಿಸತೊಡಗುವ ಮುನ್ನ, ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳನ್ನು ನಿರೂಪಿಸತಕ್ಕದ್ದೆಂದು ಹಿಂದಿನ ಆಚಾರ್ಯರು ನಿಯಮ ಮಾಡಿದ್ದರು. ಇಲ್ಲಿ ಅಧಿಕಾರಿಯೆಂದರೆ ಹುದ್ದೆಯಲ್ಲಿರುವವನಲ್ಲ. ಆ ವಿದ್ಯೆಗೆ ಪಾತ್ರನಾದವನು. ನಾಲ್ಕರಲ್ಲಿ ಮೂರನ್ನು ಹೇಳುವುದು ಸುಲಭ, ಅವು ಗ್ರಂಥವನ್ನು ಕುರಿತವು. ನಾಲ್ಕನೆಯದು ಮನುಷ್ಯನನ್ನು ಕುರಿತದ್ದು, ಆದುದರಿಂದಲೇ ಕಠಿನ. ಇನ್ನೂ ಕಲಿಯದವನನ್ನು ನೋಡಿ, ಇವನು ಕಲಿಯಬಲ್ಲನು, ಅವನು ಕಲಿಯಲಾರನು ಎಂದು ನಿರ್ಣಯಿಸುವುದು ಹೇಗೆ? ಈ ಪುರಾತನ ಪ್ರಶ್ನೆಯೇ ಇಂದು ಕಾನೂನು ವಿದ್ಯೆಯ ಬಾಗಿಲಲ್ಲಿ ಹೊಸ ವೇಷವನ್ನು ಧರಿಸಿ ನಿಂತಿದೆ. ಹದಿನೇಳು ಹದಿನೆಂಟು ವರ್ಷದ ಹುಡುಗ ಹುಡುಗಿಯರ ಪಾತ್ರತೆಯನ್ನು ಎರಡು ಗಂಟೆಗಳಲ್ಲಿ ಅಳೆಯುವ ಪರೀಕ್ಷೆಯು ಎಷ್ಟರ ಮಟ್ಟಿಗೆ ನ್ಯಾಯವಾದದ್ದು ಎಂಬುದನ್ನು ವಿಚಾರಿಸುವುದು ಮಕ್ಕಳನ್ನು ಓದಿಸುವ ಮನೆಗಳಿಗೆ ಅಪ್ರಸ್ತುತವಾಗಲಾರದು.

ಮೊದಲು ಸಂಗತಿಯನ್ನು ತಿಳಿದುಕೊಳ್ಳಬೇಕು. ಹಿಂದೆ ವಕೀಲಿಯ ಓದು ಸಾಮಾನ್ಯವಾಗಿ ಬಿ.ಎ. ಆದ ಮೇಲಿನ ಮಾತಾಗಿತ್ತು. ಕರ್ನಾಟಕದ ವಿಧಾನಮಂಡಲವು 1986ರಲ್ಲಿ ಮಾಡಿದ ಕಾಯದೆಯ ಮೇರೆಗೆ ಬೆಂಗಳೂರಿನಲ್ಲಿ ರಾಷ್ಟ್ರೀಯ ಕಾನೂನು ಶಾಲೆಯು ಸ್ಥಾಪಿತವಾಯಿತು, ಡಾ. ಎನ್. ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ 1988ರಲ್ಲಿ ಪಾಠಗಳು ಆರಂಭವಾದವು. ಹನ್ನೆರಡನೆಯ ತರಗತಿಯನ್ನು ಮುಗಿಸಿದವರನ್ನು ನೇರವಾಗಿ ಐದು ವರ್ಷಗಳ ವ್ಯಾಸಂಗಕ್ಕೆ ತೆಗೆದುಕೊಳ್ಳುವ ಈ ಮಾದರಿಯನ್ನು ಅನುಸರಿಸಿ ಬೇರೆ ಪ್ರಾಂತಗಳಲ್ಲಿಯೂ ಇಂಥ ವಿದ್ಯಾಲಯಗಳು ಹುಟ್ಟಿದವು. ಒಂದೊಂದಕ್ಕೂ ಒಂದೊಂದು ಪರೀಕ್ಷೆ. ವಿದ್ಯಾರ್ಥಿಗಳು ಊರಿಂದೂರಿಗೆ ಅಲೆಯಬೇಕಾಯಿತು. ಈ ತೊಂದರೆಯನ್ನು ಕುರಿತ ಅರ್ಜಿಯು 2006ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಅದರ ಫಲವಾಗಿ 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ‘ಕ್ಲಾಟ್’ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಮೊದಲ ಸಲ ನಡೆಸಿದವು. 2017ರಲ್ಲಿ ಇವುಗಳದೇ ಒಂದು ಒಕ್ಕೂಟವಾಯಿತು. ಈಗ ಇಪ್ಪತ್ತಕ್ಕೂ ಮಿಕ್ಕ ವಿಶ್ವವಿದ್ಯಾಲಯಗಳು ಈ ಒಂದೇ ಪರೀಕ್ಷೆಯಿಂದ ತಮ್ಮ ವಿದ್ಯಾರ್ಥಿಗಳನ್ನು ಆರಿಸಿಕೊಳ್ಳುತ್ತವೆ.

ಪರೀಕ್ಷೆಯ ಸ್ವರೂಪವೂ ಬದಲಾಗಿದೆ. ಮೊದಲು 200 ಪ್ರಶ್ನೆಗಳಿದ್ದವು. ನೆನಪಿನ ಬಲದಿಂದ ಉತ್ತರಿಸತಕ್ಕವು ಬಹಳವಾಗಿದ್ದವು. 2020ರಲ್ಲಿ ಗದ್ಯಭಾಗವನ್ನು ಓದಿ ಉತ್ತರಿಸುವ ಕ್ರಮವು ಬಂದಿತು. ಈಗ 120 ನಿಮಿಷಗಳಲ್ಲಿ 120 ಪ್ರಶ್ನೆಗಳು. ಇಂಗ್ಲಿಷ್ ಭಾಷೆ, ವರ್ತಮಾನದ ಸಂಗತಿಗಳು, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಗಣಿತ ಎಂಬ ಐದು ಭಾಗಗಳು. ತಪ್ಪು ಉತ್ತರಕ್ಕೆ ಕಾಲು ಗುಣ ಕಳೆಯುತ್ತಾರೆ. ಪ್ರಶ್ನೆಪತ್ರಿಕೆಯು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ.

ಈ ಪರೀಕ್ಷೆಯನ್ನು ಹಳಿಯುವ ಮೊದಲು ಅದಕ್ಕೆ ಸಲ್ಲತಕ್ಕ ಮನ್ನಣೆಯನ್ನು ಸಲ್ಲಿಸಬೇಕು. ಕಾನೂನಿನ ತರ್ಕದ ಭಾಗದಲ್ಲಿ ಕಾಯದೆಯ ಪೂರ್ವಜ್ಞಾನವನ್ನು ಕೇಳುವುದಿಲ್ಲ. ಒಂದು ತತ್ತ್ವವನ್ನು ಗದ್ಯದಲ್ಲಿಯೇ ಕೊಟ್ಟು, ಬಳಿಕ ಒಂದು ವ್ಯವಹಾರದ ಸಂಗತಿಯನ್ನು ಹೇಳಿ, ಆ ತತ್ತ್ವವನ್ನು ಈ ಸಂಗತಿಗೆ ಅನ್ವಯಿಸು ಎನ್ನುತ್ತಾರೆ. ಇದು ನಿಜವಾಗಿಯೂ ವಕೀಲನ ಕೆಲಸದ ಬೀಜ. ಅದಕ್ಕಿಂತ ಮಿಗಿಲಾದ ಗುಣವೊಂದಿದೆ. ಉತ್ತರಪತ್ರಿಕೆಯನ್ನು ತಿದ್ದುವಾಗ ಅಭ್ಯರ್ಥಿಯ ತಂದೆಯಾರು, ಕುಲವಾವುದು, ಶಿಫಾರಸು ಯಾರದು ಎಂದು ಯಾರೂ ಕೇಳುವುದಿಲ್ಲ. ಹಿಂದೆ ‘ಅಧಿಕಾರಿ’ ಎಂಬ ಶಬ್ದವನ್ನು ಎಷ್ಟು ಸೂಕ್ಷ್ಮವಾಗಿ ವಿವರಿಸಿದರೂ, ಆಚರಣೆಯಲ್ಲಿ ಪಾತ್ರತೆಯನ್ನು ಹುಟ್ಟಿನಿಂದಲೇ ನಿರ್ಣಯಿಸಿ, ಎಷ್ಟೋ ಸಮುದಾಯಗಳನ್ನು, ಸ್ತ್ರೀಯರನ್ನೂ ಕೂಡಿಸಿ, ಪಾಠಶಾಲೆಯ ಹೊಸ್ತಿಲಿನಿಂದ ಹೊರಗಿಟ್ಟದ್ದು ಸತ್ಯ. ಶಾಸ್ತ್ರಾಭಿಮಾನವು ಈ ಸತ್ಯವನ್ನು ಮರೆಮಾಡಬಾರದು. ಆ ಕ್ರಮದ ಎದುರಿಗೆ ಇಟ್ಟು ನೋಡಿದರೆ, ಹೆಸರನ್ನು ನೋಡದೆ ಅಂಕಿಯನ್ನು ನೋಡುವ ಪರೀಕ್ಷೆಯು ದೊಡ್ಡ ಧರ್ಮವೇ ಸರಿ.

ಆದರೆ ಒಂದು ಅನ್ಯಾಯವನ್ನು ತೊಡೆದುಹಾಕಿದ ಮಾತ್ರದಿಂದ ಮತ್ತೊಂದು ಅನ್ಯಾಯಕ್ಕೆ ಎಡೆಗೊಡಲಿಲ್ಲವೆಂದು ಹೇಳಬರುವುದಿಲ್ಲ. ಪರೀಕ್ಷೆಯು ಅಳೆಯುತ್ತೇನೆನ್ನುವುದು ಪಾತ್ರತೆಯನ್ನು, ಅಂದರೆ ಮುಂದೆ ಕಲಿಯಬಲ್ಲ ಶಕ್ತಿಯನ್ನು. ಅದರ ಕೈಗೆ ಸಿಕ್ಕುವುದು ಈಗಾಗಲೇ ಕಲಿತದ್ದರ ಸಿದ್ಧಿ. ಶಕ್ತಿಯೂ ಸಿದ್ಧಿಯೂ ಒಂದೇ ಅಲ್ಲ. ಮುಂಡರಗಿ ತಾಲೂಕಿನ ಡೋಣಿಯು ಕಪ್ಪತಗುಡ್ಡದ ಸೆರಗಿನಲ್ಲಿದೆ. ಆ ಗುಡ್ಡದ ಸೀಮೆಯಲ್ಲಿ ಚಿನ್ನದ ಅದಿರುಂಟೆಂಬುದು ಪ್ರಸಿದ್ಧ. ಅಲ್ಲಿಯ ಒಂದು ಕಲ್ಲನ್ನು ಅಕ್ಕಸಾಲಿಗನ ಒರೆಗಲ್ಲಿಗೆ ತಿಕ್ಕಿದರೆ ಏನು ಕಂಡೀತು? ಒರೆಗಲ್ಲು ಕರಗಿಸಿ ಸೋಸಿದ ಬಂಗಾರದ ಬಣ್ಣವನ್ನು ಹೇಳುತ್ತದೆಯೇ ಹೊರತು ಅದಿರಿನ ಒಡಲಲ್ಲಿ ಎಷ್ಟಿದೆ ಎಂಬುದನ್ನು ಹೇಳಲಾರದು. ಇದು ಒರೆಗಲ್ಲಿನ ದೋಷವಲ್ಲ. ಅದನ್ನು ಅದಿರಿಗೆ ಹಚ್ಚಿದವರ ದೋಷ.

ಈ ವಿಚಾರವನ್ನು ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿಟ್ಟರೆ ಇನ್ನೂ ಸ್ಪಷ್ಟವಾಗುತ್ತದೆ. ಪರೀಕ್ಷೆಯೆಂಬುದು ಒಂದು ಅನುಮಾನಪ್ರಮಾಣ. ಗುಡ್ಡದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವಂತೆ, ಹುಡುಗನು ಪಡೆದ ಅಂಕಗಳನ್ನು ಕಂಡು ಅವನಲ್ಲಿ ಪಾತ್ರತೆಯಿದೆಯೆಂದು ಊಹಿಸುತ್ತಾರೆ. ಅಂಕವು ಹೊಗೆ, ಪಾತ್ರತೆಯು ಬೆಂಕಿ. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ ಎಂಬ ವ್ಯಾಪ್ತಿಯು ಸರಿಯಾದದ್ದು. ಹೆಚ್ಚು ಅಂಕ ಪಡೆದವನಲ್ಲಿ ಏನಾದರೊಂದು ಸಾಮರ್ಥ್ಯವಿರಲೇಬೇಕು. ಆದರೆ ಎಲ್ಲಿ ಹೊಗೆಯಿಲ್ಲವೋ ಅಲ್ಲಿ ಬೆಂಕಿಯೂ ಇಲ್ಲವೆಂದು ಹೇಳಬಹುದೇ? ಹೇಳಬಾರದೆಂಬುದಕ್ಕೆ ನೈಯಾಯಿಕರು ಕೊಡುವ ಉದಾಹರಣೆಯು ಕಾದ ಕಬ್ಬಿಣದ ಗುಂಡು. ಅದು ಕೆಂಡದಂತೆ ಉರಿಯುತ್ತಿರುತ್ತದೆ. ಒಂದೆಳೆ ಹೊಗೆಯೂ ಏಳುವುದಿಲ್ಲ. ಹೊಗೆ ಏಳಬೇಕಾದರೆ ಬೆಂಕಿಯಷ್ಟೇ ಸಾಲದು, ಹಸಿಯ ಕಟ್ಟಿಗೆಯೂ ಬೇಕು. ಈ ಹಸಿಕಟ್ಟಿಗೆಯನ್ನು ಅವರು ‘ಉಪಾಧಿ’ ಎನ್ನುತ್ತಾರೆ. ಉಪಾಧಿಯನ್ನು ಗಮನಿಸದೆ ಮಾಡಿದ ಅನುಮಾನವು ಹುಸಿಯಾಗುತ್ತದೆ.

ಹಾಗಾದರೆ ಈ ಪ್ರವೇಶ ಪರೀಕ್ಷೆಯ ಹಸಿಕಟ್ಟಿಗೆ ಯಾವುದು? ಮೊದಲನೆಯದು ಇಂಗ್ಲಿಷ್ ಗದ್ಯವನ್ನು ಓಡುತ್ತ ಓದುವ ಅಭ್ಯಾಸ. ಸುಮಾರು 450 ಪದಗಳ ಒಂದೊಂದು ಗದ್ಯಭಾಗವನ್ನು ಓದಿ, ಒಂದು ಪ್ರಶ್ನೆಗೆ ಒಂದು ನಿಮಿಷದಂತೆ ಉತ್ತರಿಸಬೇಕು; ಓದುವ ಹೊತ್ತೂ ಆ ನಿಮಿಷದೊಳಗೇ ಸೇರಿದ್ದು. ಎರಡನೆಯದು ತರಬೇತಿ. ನಗರಗಳಲ್ಲಿ ಇದಕ್ಕೆಂದೇ ಹಣ ತೆಗೆದುಕೊಂಡು ವರ್ಷಗಟ್ಟಲೆ ಸಾಧನೆ ಮಾಡಿಸುವ ತರಗತಿಗಳಿವೆ. ಮೂರನೆಯದು ಖರ್ಚು. ಇತ್ತೀಚಿನ ವರ್ಷಗಳಲ್ಲಿ ಅರ್ಜಿಯ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಪರಿಶಿಷ್ಟರಿಗೂ ಬಡತನದ ರೇಖೆಯ ಕೆಳಗಿನವರಿಗೂ 3,500. ನಾಲ್ಕನೆಯದು, ಇಂಥದೊಂದು ಪರೀಕ್ಷೆಯುಂಟೆಂಬ ಸುದ್ದಿಯೇ ಸಕಾಲಕ್ಕೆ ಕಿವಿಗೆ ಬೀಳುವುದು. ಇದು ಅಲ್ಪವೆಂದು ತೋರಬಹುದು; ಆದರೆ ಬಾಗಿಲಿದೆಯೆಂದು ತಿಳಿಯದವನಿಗೆ ಅದು ತೆರೆದಿದ್ದರೇನು, ಮುಚ್ಚಿದ್ದರೇನು?

ಡೋಣಿಯಲ್ಲಿ ಕನ್ನಡ ಶಾಲೆಯಲ್ಲಿ ಓದಿ, ಬಿಡುವಿನಲ್ಲಿ ಹೊಲದ ಕೆಲಸಕ್ಕೂ ಹೋಗುವ ಒಬ್ಬ ಹುಡುಗಿಯನ್ನು ಭಾವಿಸಿಕೊಳ್ಳಿರಿ. ಬದುವಿನ ತಕರಾರಿನಲ್ಲಿ ಯಾರ ಮಾತು ಪೂರ್ವಾಪರ ವಿರುದ್ಧವಾಗಿದೆ, ಯಾರು ಕೇಳಿದ್ದನ್ನು ಕಂಡದ್ದೆನ್ನುತ್ತಿದ್ದಾರೆ ಎಂಬುದನ್ನು ಅವಳು ಹಿರಿಯರಿಗಿಂತ ಮೊದಲು ಹಿಡಿಯಬಲ್ಲಳೆನ್ನೋಣ. ಅದು ಸಾಕ್ಷ್ಯವನ್ನು ತೂಗುವ ಬುದ್ಧಿ, ಅದೇ ಬೆಂಕಿ. ಆದರೆ ಆ ಬುದ್ಧಿಯು ಕನ್ನಡದಲ್ಲಿದೆ. ಸುತ್ತಣ ತಾಂಡೆಯ ಲಂಬಾಣಿ ಮಗುವಾದರೆ ಕನ್ನಡವೇ ಎರಡನೆಯ ಭಾಷೆ. ಇಂಗ್ಲಿಷು ಮೂರನೆಯ ಮೆಟ್ಟಿಲು. ಇವರು ಪ್ರಶ್ನೆಪತ್ರಿಕೆಯ ಮುಂದೆ ಕುಳಿತು ಅರ್ಧದಷ್ಟನ್ನೂ ಮುಗಿಸದೆ ಎದ್ದರೆ, ಇವರಲ್ಲಿ ಕಾನೂನಿನ ಪಾತ್ರತೆಯಿಲ್ಲವೆಂದು ತೀರ್ಮಾನಿಸುವುದು ಕಾದ ಗುಂಡನ್ನು ತಣ್ಣಗಿದೆಯೆಂದು ಹೇಳಿದಂತೆ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪ ಬರುತ್ತದೆ. ಸಂವಿಧಾನದ 348ನೆಯ ವಿಧಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷು. ಉಚ್ಚ ನ್ಯಾಯಾಲಯಗಳಲ್ಲಿಯೂ ಸಾಮಾನ್ಯವಾಗಿ ಅದೇ. ತೀರ್ಪುಗಳ ಸಂಗ್ರಹಗಳೂ ಆ ಭಾಷೆಯಲ್ಲಿಯೇ ಇವೆ. ಹೀಗಿರಲು ಇಂಗ್ಲಿಷು ಬಾರದವನನ್ನು ಸೇರಿಸಿಕೊಂಡು ಐದು ವರ್ಷ ನರಳಿಸುವುದು ದಯೆಯೋ ಕ್ರೌರ್ಯವೋ ಎಂದು ಕೇಳುವವರುಂಟು. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೂ ಎರಡು ಸಮಾಧಾನಗಳಿವೆ. ಒಂದು: ವಿದ್ಯೆಯ ಕೊನೆಯಲ್ಲಿ ಬೇಕಾದದ್ದನ್ನು ವಿದ್ಯೆಯ ಮೊದಲಲ್ಲಿಯೇ ಕೇಳುವುದು ಯುಕ್ತವಲ್ಲ. ಈಜು ಕಲಿಸುವವನು ಈಜು ಬಲ್ಲವರನ್ನೇ ನೀರಿಗಿಳಿಸುವುದಾದರೆ ಅವನು ಕಲಿಸುವುದೇನು? ಬುದ್ಧಿಯಿದ್ದವನಿಗೆ ಐದು ವರ್ಷದಲ್ಲಿ ಭಾಷೆಯನ್ನು ಕಲಿಸಬಹುದು. ಭಾಷೆಯಿದ್ದವನಿಗೆ ಬುದ್ಧಿಯನ್ನು ಕಲಿಸುವುದು ಅಷ್ಟು ಸುಲಭವಲ್ಲ. ಎರಡು: ಕಾನೂನು ಬದುಕುವುದು ದಿಲ್ಲಿಯಲ್ಲಿ ಮಾತ್ರವಲ್ಲ. ಮುಂಡರಗಿಯ ಕೋರ್ಟಿನ ಕಟಕಟೆಯಲ್ಲಿ ನಿಂತು ಸಾಕ್ಷಿ ಹೇಳುವ ಮುದುಕಿಯು ಹೇಳುವುದು ಕನ್ನಡದಲ್ಲಿ. ಅವಳ ಮಾತಿನ ಒಳದನಿಯನ್ನು ತಿಳಿಯದ ವಕೀಲನು ಎಷ್ಟು ಇಂಗ್ಲಿಷು ಬಲ್ಲವನಾದರೂ ಆ ಕಕ್ಷಿಗಾರಳ ಪಾಲಿಗೆ ಅರ್ಧ ಕುರುಡನೇ. ಈ ಅರ್ಧಜ್ಞಾನವನ್ನು ಯಾವ ಪ್ರವೇಶ ಪರೀಕ್ಷೆಯೂ ಅಳೆಯುವುದಿಲ್ಲ. ವೈದ್ಯವಿದ್ಯೆಯ ಪ್ರವೇಶಕ್ಕಾಗಿ ನಡೆಯುವ ‘ನೀಟ್’ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಶರೀರದ ರೋಗವನ್ನು ತಿಳಿಯುವ ಪಾತ್ರತೆಯು ಕನ್ನಡದಲ್ಲಿ ಕಾಣಿಸಬಲ್ಲದಾದರೆ, ಮನುಷ್ಯರ ವ್ಯಾಜ್ಯವನ್ನು ತಿಳಿಯುವ ಪಾತ್ರತೆಯು ಕಾಣಿಸಲಾರದೇಕೆ? ಕ್ಲಾಟ್ ಪರೀಕ್ಷೆಯನ್ನು ದೇಶಭಾಷೆಗಳಲ್ಲಿಯೂ ನಡೆಸಬೇಕೆಂಬ ಅರ್ಜಿಯು 2023ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋದದ್ದು ಅಕಾರಣವಲ್ಲ.

ಡೋಣಿಗೆ ಈ ವಿಚಾರವು ಪರಕೀಯವೂ ಅಲ್ಲ. 11ನೆಯ ಶತಮಾನದ ಕೊನೆಯ ಭಾಗಕ್ಕೆ ಸೇರಿದ ಅಲ್ಲಿಯ ಶಾಸನವೊಂದರಲ್ಲಿ ಯಾಪನೀಯ ಸಂಘದ ಮುನಿಚಂದ್ರ ತ್ರೈವಿದ್ಯರ ಹೆಸರು ಬರುತ್ತದೆ. ‘ತ್ರೈವಿದ್ಯ’ ಎಂಬುದು ವ್ಯಾಕರಣ, ತರ್ಕ, ಆಗಮ ಎಂಬ ಮೂರು ವಿದ್ಯೆಗಳಲ್ಲಿ ಪಾರಂಗತರಾದವರಿಗೆ ಜೈನ ಪರಂಪರೆಯಲ್ಲಿ ಸಲ್ಲುತ್ತಿದ್ದ ಬಿರುದು. ಭಾಷೆ, ಯುಕ್ತಿ, ಶಾಸ್ತ್ರ: ಇಂದಿನ ಪರೀಕ್ಷೆಯ ಮುಖ್ಯ ಭಾಗಗಳೂ ಇವೇ ಮೂರಲ್ಲವೇ? ಒಂದು ಭೇದವನ್ನು ಮಾತ್ರ ಗಮನಿಸಬೇಕು. ಆ ಬಿರುದು ವಿದ್ಯೆಯನ್ನು ಮುಗಿಸಿದವರಿಗೆ ಸಲ್ಲುತ್ತಿತ್ತು. ವಿದ್ಯೆಯನ್ನು ಬೇಡಿ ಬಂದವರಲ್ಲಿ ಅದನ್ನು ಹುಡುಕುತ್ತಿರಲಿಲ್ಲ.

ಅದೇ ಕಾಲದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ಬರೆದನು. ಭಾರತದ ಬಹುಭಾಗದಲ್ಲಿ ಹಿಂದೂಗಳ ದಾಯಭಾಗದ ನಿರ್ಣಯಕ್ಕೆ ಶತಮಾನಗಳ ಕಾಲ ಆಧಾರವಾಗಿದ್ದ ಗ್ರಂಥವು ಹೀಗೆ ಕನ್ನಡನಾಡಿನಲ್ಲಿ ಹುಟ್ಟಿತು. ನ್ಯಾಯಸಭೆಯಲ್ಲಿ ಕುಳಿತುಕೊಳ್ಳತಕ್ಕವರ ಲಕ್ಷಣವನ್ನು ಯಾಜ್ಞವಲ್ಕ್ಯನು ಹೇಳುವಾಗ ಅಧ್ಯಯನ, ಧರ್ಮಜ್ಞಾನ, ಸತ್ಯವಚನ, ಶತ್ರುಮಿತ್ರರಲ್ಲಿ ಸಮಭಾವ ಎಂಬ ಗುಣಗಳನ್ನು ಎಣಿಸಿದ್ದಾನೆ. ಇವುಗಳಲ್ಲಿ ಎರಡು ಗಂಟೆಯ ಪರೀಕ್ಷೆಗೆ ನಿಲುಕುವುದು ಹೆಚ್ಚೆಂದರೆ ಮೊದಲನೆಯದರ ಒಂದಂಶ. ಸತ್ಯವನ್ನೂ ಸಮಭಾವವನ್ನೂ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿ ತೋರಿಸಲು ಬಾರದು. ಅವು ಬಾಳಿನ ದೀರ್ಘ ಪರೀಕ್ಷೆಯಲ್ಲಿ ಮಾತ್ರ ತೋರುವಂಥವು. ಇನ್ನೊಂದು ಮಾತು: ನ್ಯಾಯಾಧೀಶನಿಗೆ ಭೂಷಣವಾದ ಸಂಶಯವು, ‘ಇನ್ನೊಮ್ಮೆ ನೋಡುವೆನು’ ಎಂಬ ನಿಧಾನವು, ನಿಮಿಷಕ್ಕೊಂದು ಪ್ರಶ್ನೆಯ ಓಟದಲ್ಲಿ ದೋಷವಾಗಿ ಪರಿಣಮಿಸುತ್ತದೆ.

ಪರೀಕ್ಷೆಯನ್ನು ಮಾಡುವವರೂ ಸಂಶಯಾತೀತರಲ್ಲ. 2020ರ ಮಹಾರೋಗದ ಕಾಲದಲ್ಲಿ ಬೆಂಗಳೂರಿನ ಶಾಲೆಯು ಮನೆಯಲ್ಲಿಯೇ ಯಂತ್ರದ ಮುಂದೆ ಕುಳಿತು ಬರೆಯುವ ಬೇರೆ ಪರೀಕ್ಷೆಯೊಂದನ್ನು ನಡೆಸಲು, ಆ ವರ್ಷದ ಸೆಪ್ಟೆಂಬರ 21ರಂದು ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. ಮನೆಯಲ್ಲಿ ಯಂತ್ರವೂ ತಡೆಯಿಲ್ಲದ ಸಂಪರ್ಕವೂ ಇಲ್ಲದವರ ಗತಿಯೇನೆಂಬುದು ಅಲ್ಲಿ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು. ಡಿಸೆಂಬರ 2024ರ ಪರೀಕ್ಷೆಯಲ್ಲಿ ಕೆಲವು ಪ್ರಶ್ನೆಗಳಿಗೆ ಒಕ್ಕೂಟವು ಸರಿಯೆಂದು ಹೇಳಿದ ಉತ್ತರವೇ ತಪ್ಪೆಂಬ ವಿವಾದವು ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಗಿ, 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಏರಿತು. ಒಂದು ಅಂಕದ ಅಂತರದಲ್ಲಿ ನೂರಾರು ಹೆಸರುಗಳು ಮೇಲೆ ಕೆಳಗೆ ಆಗುವಲ್ಲಿ, ಆ ಒಂದು ಅಂಕವೇ ವಿವಾದಾಸ್ಪದವಾದರೆ ಮೇಲಿನವನು ಪಾತ್ರನು, ಕೆಳಗಿನವನು ಅಪಾತ್ರನು ಎಂಬ ಮಾತಿಗೆ ಏನರ್ಥ?

ಈ ದೋಷಗಳಿಗೆ ಕಂಡುಕೊಂಡ ಪರಿಹಾರಗಳೂ ಗುರಿಗೆ ಸರಿಯಾಗಿ ತಾಗಿಲ್ಲ. ಕರ್ನಾಟಕದಲ್ಲಿ 10 ವರ್ಷ ಓದಿದವರಿಗೆ ಬೆಂಗಳೂರಿನ ಶಾಲೆಯಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ಕಾದಿರಿಸುವ ತಿದ್ದುಪಡಿಯನ್ನು ರಾಜ್ಯವು 2020ರಲ್ಲಿ ಮಾಡಿತು. ಅದೇ ವರ್ಷದ ಸೆಪ್ಟೆಂಬರದಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಮರುವರ್ಷ ಶಾಲೆಯು ತಾನಾಗಿಯೇ ಅಂಥ ಏರ್ಪಾಡನ್ನು ಮಾಡಿಕೊಂಡಿತು. ಉದ್ದೇಶವು ಒಳ್ಳೆಯದೇ. ಆದರೆ ಈ ಲೆಕ್ಕದಲ್ಲಿ ಬೆಂಗಳೂರಿನ ದುಬಾರಿ ಇಂಗ್ಲಿಷ್ ಶಾಲೆಯ ಮಗುವೂ ಡೋಣಿಯ ಕನ್ನಡ ಶಾಲೆಯ ಮಗುವೂ ಸಮಾನ ಕರ್ನಾಟಕದವರು. ಹಸಿಕಟ್ಟಿಗೆಯು ಇದ್ದಲ್ಲಿಯೇ ಇದೆ. ಹೊಗೆಯನ್ನು ನೋಡುವ ಕಿಟಕಿ ಮಾತ್ರ ಬದಲಾಯಿತು.

ಹಾಗಾದರೆ ಪರೀಕ್ಷೆಯನ್ನು ತೆಗೆದುಹಾಕಿ ಸಂದರ್ಶನವನ್ನು ಇಡಬಹುದೇ? ಅಲ್ಲಿ ಮುಖ, ಮಾತು, ಉಡುಪು, ಪರಿಚಯಗಳು ಮತ್ತೆ ಒಳನುಗ್ಗುತ್ತವೆ. ಹಳೆಯ ಪಕ್ಷಪಾತಕ್ಕೆ ಹಿಂಬಾಗಿಲು ತೆರೆದಂತಾಗುತ್ತದೆ. ಇಂಗ್ಲೆಂಡಿನ ಕೆಲವು ವಿಶ್ವವಿದ್ಯಾಲಯಗಳು 2004ರಿಂದ ನಡೆಸುತ್ತಿರುವ ‘ಎಲ್‌ನ್ಯಾಟ್’ ಪರೀಕ್ಷೆಯಲ್ಲಿ ಗುರುತು ಹಾಕುವ ಪ್ರಶ್ನೆಗಳ ಜೊತೆಗೆ ಒಂದು ಪ್ರಬಂಧವನ್ನೂ ಬರೆಯಿಸುತ್ತಾರೆ. ಒಬ್ಬನ ವಿಚಾರವು ಹೇಗೆ ನಡೆಯುತ್ತದೆಂಬುದು ಅದರಲ್ಲಿ ಸ್ವಲ್ಪ ಹೆಚ್ಚಾಗಿ ಕಂಡೀತು. ಅದನ್ನು ಕನ್ನಡದಲ್ಲಿ ಬರೆಯಲು ಬಿಟ್ಟರೆ ಇನ್ನೂ ಹೆಚ್ಚಾಗಿ ಕಂಡೀತು. ಗ್ರಾಮದ ಮಕ್ಕಳನ್ನೂ ಬಡಮಕ್ಕಳನ್ನೂ ಹುಡುಕಿ ಈ ಪರೀಕ್ಷೆಗೆ ಸಿದ್ಧಗೊಳಿಸುವ ಕಾರ್ಯವನ್ನು ದಿವಂಗತ ಶಮ್ನಾದ್ ಬಷೀರರು 2010ರಲ್ಲಿ ‘ಇಡಿಯಾ’ ಎಂಬ ಸಂಸ್ಥೆಯ ಮೂಲಕ ಆರಂಭಿಸಿದರು. ಅಂಥ ಕೆಲಸವನ್ನು ಒಂದೊಂದು ಜಿಲ್ಲೆಯ ಗ್ರಂಥಾಲಯವೂ, ವಕೀಲರ ಸಂಘವೂ ವಾರಕ್ಕೊಂದು ದಿನವಾದರೂ ಕೈಗೊಂಡರೆ ಅದು ಅಸಾಧ್ಯವೇನಲ್ಲ.

ಅದಕ್ಕಿಂತ ಮುಖ್ಯವಾದದ್ದು, ಒಂದೇ ಬಾಗಿಲನ್ನು ನಂಬದಿರುವುದು. ಹುಬ್ಬಳ್ಳಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಉತ್ತರವನ್ನು ಪೂರ್ತಿಯಾಗಿ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಬಿ.ಎ. ಆದ ಬಳಿಕ ಮೂರು ವರ್ಷ ಓದುವ ಹಳೆಯ ದಾರಿಯೂ ತೆರೆದಿದೆ. ಗದಗ ಜಿಲ್ಲೆಯ ಗಜೇಂದ್ರಗಡವೇ ಮೂಲಸ್ಥಾನವಾದ ಸಂಸ್ಕೃತ ಪಂಡಿತರ ಮನೆತನದಲ್ಲಿ ಹುಟ್ಟಿದ ಪಿ. ಬಿ. ಗಜೇಂದ್ರಗಡಕರರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಎರಡು ವರ್ಷ ಓದಿ, ಪುಣೆಯಲ್ಲಿ ಎಂ.ಎ. ಆದ ಮೇಲೆ ಕಾನೂನು ಪದವಿಯನ್ನು ಪಡೆದು, 1964ರಿಂದ 1966ರ ವರೆಗೆ ಭಾರತದ ಮುಖ್ಯ ನ್ಯಾಯಾಧೀಶರಾಗಿದ್ದರು. ಹದಿನೆಂಟನೆಯ ವಯಸ್ಸಿನ ಒಂದು ಮಧ್ಯಾಹ್ನವು ಅವರ ಭವಿಷ್ಯವನ್ನು ನಿರ್ಣಯಿಸಲಿಲ್ಲ. ಆ ಕಾಲದಲ್ಲಿ ಬಿ.ಎ. ವರೆಗೆ ತಲುಪುವುದೇ ಕೆಲವರ ಭಾಗ್ಯವಾಗಿತ್ತೆಂಬುದನ್ನು ಮರೆಯದೆಯೂ, ಬುದ್ಧಿಯು ಬಲಿಯಲು ಕಾಲವನ್ನು ಕೊಟ್ಟ ಆ ಪದ್ಧತಿಯ ಹಿತವನ್ನು ಒಪ್ಪಬಹುದು. ಕಷ್ಟವಿರುವುದು ದಾರಿಗಳ ಕೊರತೆಯಲ್ಲಿ ಅಲ್ಲ. ಒಂದು ದಾರಿಯಲ್ಲಿ ಬಂದವರಿಗೆ ದೊಡ್ಡ ಕಚೇರಿಗಳ ಬಾಗಿಲು ತಾನಾಗಿ ತೆರೆಯುವುದರಲ್ಲಿಯೂ, ಉಳಿದ ದಾರಿಗಳಲ್ಲಿ ಬಂದವರನ್ನು ಮಾತಾಡಿಸುವ ಮುನ್ನವೇ ಅಳೆದುಬಿಡುವುದರಲ್ಲಿಯೂ ಇದೆ.

ಆದುದರಿಂದ ಪ್ರವೇಶ ಪರೀಕ್ಷೆಯ ಪ್ರಾಮಾಣ್ಯವನ್ನು ಅರ್ಧಕ್ಕೆ ಮಾತ್ರ ಒಪ್ಪತಕ್ಕದ್ದು. ತೇರ್ಗಡೆಯಾದವನಲ್ಲಿ ಶಕ್ತಿಯಿದೆಯೆಂಬುದಕ್ಕೆ ಅದು ಸಾಕ್ಷಿ. ಆಗದವನಲ್ಲಿ ಶಕ್ತಿಯಿಲ್ಲವೆಂಬುದಕ್ಕೆ ಸಾಕ್ಷಿಯಲ್ಲ. ಸ್ಥಾನಗಳು ಕೆಲವೇ, ಬಯಸುವವರು ಅನೇಕರು ಆಗಿರುವಾಗ ಯಾವುದಾದರೊಂದು ಜರಡಿಯನ್ನು ಹಿಡಿಯಲೇಬೇಕು. ಆದರೆ ಜರಡಿಯಿಂದ ಕೆಳಗುದುರಿದ್ದನ್ನೆಲ್ಲ ಹೊಟ್ಟೆಂದು ಕರೆಯುವ ಹಕ್ಕು ಜರಡಿ ಹಿಡಿದವರಿಗಿಲ್ಲ. ಗೆದ್ದ ಮಗುವಿಗೆ ತಾಯಿತಂದೆಗಳು ಹೇಳತಕ್ಕದ್ದು, ‘ನಿನ್ನ ಬೆಂಕಿಗೆ ಕಟ್ಟಿಗೆಯನ್ನೊದಗಿಸಿದವರು ಬಹಳ ಮಂದಿ, ಆ ಋಣವನ್ನು ತೀರಿಸು’ ಎಂದು. ಸೋತ ಮಗುವಿಗೆ ಹೇಳತಕ್ಕದ್ದು, ‘ಇದು ನಿನ್ನ ಮೇಲಿನ ತೀರ್ಪಲ್ಲ, ಮತ್ತೊಂದು ಬಾಗಿಲಿಗೆ ಹೋಗೋಣ’ ಎಂದು. ಮೊದಲನೆಯ ಮಾತನ್ನು ಕೇಳಿದವನು ಯಾಜ್ಞವಲ್ಕ್ಯನು ಹೇಳಿದ ಸಮಭಾವದತ್ತ ಒಂದು ಹೆಜ್ಜೆಯನ್ನಿಟ್ಟಂತೆ. ಎರಡನೆಯ ಮಾತನ್ನು ಕೇಳಿದ ಡೋಣಿಯ ಹುಡುಗಿಯು ಹುಬ್ಬಳ್ಳಿಗೋ ಗದಗಿಗೋ ಹೋಗಿ ಕಾಯದೆಯನ್ನು ಓದಿ, ಮುಂದೊಂದು ದಿನ ಮುಂಡರಗಿಯ ಕೋರ್ಟಿನಲ್ಲಿ ನಿಂತು ಆ ಮುದುಕಿಯ ಪರವಾಗಿ ಮಾತನಾಡಿದರೆ, ಅವಳ ಪಾತ್ರತೆಯನ್ನು ಆಗ ಯಾರೂ ಪ್ರಶ್ನೆಪತ್ರಿಕೆಯಿಂದ ಅಳೆಯಲಾರರು.